ಬೆಂಡಿನ ಗುಂಡಿಗೆ ಎಷ್ಟು ವಿದ್ಯುತ್ತು?

ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನ ಕೆಲಸದಲ್ಲೂ ಅವರದು ಪಳಗಿದ ಕೈ. ನೀರು ನಿಲ್ಲುವ ಜಾಗದಲ್ಲಿ ಬೆಳೆಯುವ ಒಂದು ಗಿಡದ ದಂಟನ್ನು ಒಣಗಿಸಿ ಮೇಲಿನ ಸಿಪ್ಪೆ ಹೆರೆದರೆ ಒಳಗೆ ಅಚ್ಚ ಬಿಳಿಯ ಮೆತ್ತನೆ ತಿರುಳು ಸಿಗುತ್ತದೆ. ಅದೇ ಬೆಂಡು. ಹರಿತವಾದ ಚೂರಿಯಿಂದ ಅದನ್ನು ಕಾಗದದಷ್ಟು ತೆಳ್ಳಗೆ ಸುಲಿದು, ಮಡಚಿ, ಬಣ್ಣ ಹಚ್ಚಿ ಬಾಸಿಂಗ ಕಟ್ಟುತ್ತಾರೆ. ಮದುವೆ ಮುಗಿದ ಮೇಲೆ ಹಲವು ಮನೆಗಳಲ್ಲಿ ತೊಲೆಗೆ ಸಿಕ್ಕಿಸಿಟ್ಟ ಬಾಸಿಂಗ ವರ್ಷಗಟ್ಟಲೆ ಹೊಗೆ ಕುಡಿಯುತ್ತ ಅಲ್ಲೇ ಇರುತ್ತದೆ. ಈ ತಿರುಳಿನ ಎರಡು ಗುಂಡು, ಒಂದಿಷ್ಟು ರೇಷ್ಮೆ ದಾರ, ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನ ಒಂದು ತುಂಡು, ಒಂದು ಕಂಬಳಿ ಇಷ್ಟಿದ್ದರೆ ವಸ್ತುವೊಂದರ ಮೇಲೆ ಎಷ್ಟು ವಿದ್ಯುದಾವೇಶ ಕೂತಿದೆ ಎಂದು ಜಗಲಿಯ ಮೇಲೇ ಲೆಕ್ಕ ಹಾಕಬಹುದು.

ತೂಕವಾದರೆ ತಕ್ಕಡಿಗೆ ಹಾಕುತ್ತೇವೆ, ಉದ್ದವಾದರೆ ಅಳತೆಪಟ್ಟಿ ಹಿಡಿಯುತ್ತೇವೆ. ಆವೇಶಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿ ನೋಡಿದರೆ ಇದ್ದದ್ದೂ ಹೋಗುತ್ತದೆ. ಹತ್ತಿರದ ಇನ್ನೊಂದನ್ನು ಅದು ತಳ್ಳುತ್ತದೆ ಅಥವಾ ಎಳೆಯುತ್ತದೆ. ಅದರ ಇರವು ಗೊತ್ತಾಗುವುದು ಅಷ್ಟರಿಂದಲೇ. ಹಾಗಾಗಿ ಬಲವನ್ನು ಅಳೆದು ಅಲ್ಲಿಂದ ಹಿಂದಕ್ಕೆ ನಡೆದು ಆವೇಶವನ್ನು ಹಿಡಿಯಬೇಕು. ಪಿಯುಸಿಯಲ್ಲಿ ನಾವು ಮೊದಲು ಮಾಡುವ ಲೆಕ್ಕ ಇದರ ಉಲ್ಟಾ: ಎರಡು ಆವೇಶ ಇಷ್ಟಿಷ್ಟು, ನಡುವಿನ ದೂರ ಇಷ್ಟು, ಬಲ ಎಷ್ಟು? ಆ ಪ್ರಶ್ನೆ ನನಗೆ ಯಾವತ್ತೂ ಸ್ವಲ್ಪ ಹುಸಿ ಅನ್ನಿಸುತ್ತದೆ. ಆವೇಶ ಇಷ್ಟೇ ಎಂದು ಮೊದಲೇ ಬರೆದುಕೊಟ್ಟವರು ಯಾರು? ಅವರು ಅದನ್ನು ಅಳೆದದ್ದು ಹೇಗೆ? ಲೋಕದಲ್ಲಿ ಎದುರಾಗುವ ಪ್ರಶ್ನೆ ಹಿಂದುಮುಂದಾದದ್ದೇ.

ಆವೇಶವನ್ನೂ ಬಲವನ್ನೂ ಬೆಸೆಯುವ ನಿಯಮ ಒಂದೇ ಸಾಲಿನದು. ಎರಡು ಆವೇಶಗಳನ್ನು ಗುಣಿಸಿ, ನಡುವಿನ ದೂರದ ವರ್ಗದಿಂದ ಭಾಗಿಸಿ, ಬಂದದ್ದನ್ನು 900 ಕೋಟಿಯಿಂದ ಗುಣಿಸಿದರೆ ಬಲ. ಆವೇಶ ಕೂಲಂಬ್‌ನಲ್ಲಿ, ದೂರ ಮೀಟರಿನಲ್ಲಿ, ಬಲ ನ್ಯೂಟನ್‌ನಲ್ಲಿ. ಆ 900 ಕೋಟಿ ಗಾಬರಿ ಹುಟ್ಟಿಸುವ ಸಂಖ್ಯೆಯೇ ಸರಿ, ಆದರೆ ಅದು ಹೇಳುವುದು ಒಂದನ್ನೇ: ಕೂಲಂಬ್ ಎಂಬುದು ನಮ್ಮ ಜಗಲಿಯ ಮಟ್ಟಕ್ಕೆ ವಿಪರೀತ ದೊಡ್ಡ ಅಳತೆ. ಅದರ ಮಾತು ಮುಂದೆ ಬರುತ್ತದೆ.

ನಿಯಮ ಕಂಡುಕೊಂಡ ಷಾರ್ಲ್ ಕೂಲಂಬ್ ಪ್ರಾಧ್ಯಾಪಕನಲ್ಲ, ಫ್ರಾನ್ಸ್ ಸೈನ್ಯದ ಎಂಜಿನಿಯರ್. ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿದವನು. ದಾರ, ತಂತಿ ತಿರುಚಿದರೆ ಎಷ್ಟು ಬಲದಿಂದ ವಾಪಸು ತಿರುಗುತ್ತವೆ ಎಂಬುದನ್ನು ಮೊದಲು ಚೆನ್ನಾಗಿ ಅಭ್ಯಾಸ ಮಾಡಿದ. ಆ ಮೇಲೆ 1785ರಲ್ಲಿ ಅದೇ ತಿರುಚು ತಕ್ಕಡಿಯನ್ನು ವಿದ್ಯುತ್ತಿಗೆ ಹೂಡಿದ. ಗಾಜಿನ ಉರುಳೆಯೊಳಗೆ ಕೂದಲಿಗಿಂತ ಸಣ್ಣ ಬೆಳ್ಳಿ ತಂತಿ, ಅದರ ತುದಿಗೆ ಅಡ್ಡಕಡ್ಡಿ, ಕಡ್ಡಿಯ ಒಂದು ಕೊನೆಗೆ ಎಲ್ಡರ್ ಎಂಬ ಗಿಡದ ತಿರುಳಿನ ಪುಟ್ಟ ಗುಂಡು. ಅಂದರೆ ಯುರೋಪಿನ ಬೆಂಡು! ಎರಡನೆಯ ಗುಂಡನ್ನು ಅದರ ಪಕ್ಕ ಅಲುಗದಂತೆ ನಿಲ್ಲಿಸಿ ಎರಡಕ್ಕೂ ಆವೇಶ ಕೊಟ್ಟ. ತೂಗುವ ಗುಂಡು ದೂರ ಸರಿದು 36 ಡಿಗ್ರಿಯಲ್ಲಿ ನಿಂತಿತು. ತಂತಿಯನ್ನು ಮೇಲಿನಿಂದ ತಿರುಚಿ ಗುಂಡನ್ನು ಬಲವಂತವಾಗಿ 18 ಡಿಗ್ರಿಗೆ ತಂದಾಗ ಒಟ್ಟು ತಿರುಚು 144 ಡಿಗ್ರಿ ಆಗಿತ್ತು. ದೂರ ಅರ್ಧ, ಬಲ ನಾಲ್ಕು ಪಟ್ಟು. ಇನ್ನೂ ಹತ್ತಿರ, ಎಂಟೂವರೆ ಡಿಗ್ರಿಗೆ ತರಲು 575 ಡಿಗ್ರಿ ದಾಟಿ ತಿರುಚಬೇಕಾಯಿತು. ಅಲ್ಲೂ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಈ ಪ್ರಯೋಗವನ್ನು ವಿವರಿಸಿದ ಪ್ರಬಂಧದಲ್ಲಿ ಆತ ಕೊಟ್ಟದ್ದು ಈ ಮೂರೇ ಅಳತೆ. ಅಷ್ಟರ ಮೇಲೆ ಒಂದು ಪ್ರಕೃತಿ ನಿಯಮ ನಿಲ್ಲಿಸಿದ್ದನ್ನು ನೋಡಿ ಅನುಮಾನ ಪಟ್ಟವರೂ ಇದ್ದಾರೆ. 1990ರ ದಶಕದಲ್ಲಿ ಜರ್ಮನಿಯ ಪೀಟರ್ ಹೀರಿಂಗ್ ಅದೇ ಬಗೆಯ ತಕ್ಕಡಿ ಕಟ್ಟಿ ನೋಡಿದರೆ ಅಂಥ ಅಚ್ಚುಕಟ್ಟು ಅಂಕಿ ಬರಲಿಲ್ಲ. 2006ರಲ್ಲಿ ಆಲ್ಬರ್ಟೊ ಮಾರ್ಟಿನೆಜ್ ಮತ್ತೆ ಮಾಡಿ, ಎಚ್ಚರಿಕೆಯಿಂದ ಮಾಡಿದರೆ ಬರುತ್ತದೆ ಎಂದು ತೋರಿಸಿದ. ಈ ಜಗಳ ನನಗೆ ಇಷ್ಟ. ತಿರುಳಿನ ಗುಂಡು ಎಷ್ಟು ಚಂಚಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಂಗತಿ ಪಠ್ಯಪುಸ್ತಕಗಳ ನಡುವೆ ಮರೆಯಾಗಿಬಿಡುತ್ತದೆ. ಕೂಲಂಬ್ ತನ್ನ ಜೀವಮಾನದಲ್ಲಿ ಒಂದು ಗುಂಡಿನ ಆವೇಶ ‘ಇಷ್ಟು ಕೂಲಂಬ್’ ಎಂದು ಹೇಳಿದವನಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಇದು ಅದರ ಅರ್ಧ, ಅದು ಇದರ ಕಾಲು ಎಂದಷ್ಟೇ ಹೇಳಬಲ್ಲವನಾಗಿದ್ದ. ಒಂದೇ ಅಳತೆಯ, ಆವೇಶವಿಲ್ಲದ ಗುಂಡನ್ನು ಆವೇಶವಿರುವ ಗುಂಡಿಗೆ ಮುಟ್ಟಿಸಿದರೆ ಇಬ್ಬರಿಗೂ ಸಮಪಾಲು ಎಂಬುದು ಅವನ ಉಪಾಯ. ಆತ ಸತ್ತದ್ದು 1806ರಲ್ಲಿ. ಅವನ ಹೆಸರಿನ ಅಳತೆಯನ್ನು ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಒಪ್ಪಿದ್ದು 1881ರಲ್ಲಿ. ಬಲದಿಂದ ಆವೇಶವನ್ನು ಅಂಕಿಯಲ್ಲಿ ತೆಗೆಯುವ ಭಾಗ್ಯ ನಮ್ಮದು, ಅವನದಲ್ಲ.

ಈಗ ನಮ್ಮ ಜಗಲಿಯ ಪ್ರಯೋಗಕ್ಕೆ, ನಿಲ್ಕುಂದಕ್ಕೆ ಬರೋಣ. ಸಿದ್ದಾಪುರ ತಾಲೂಕಿನಲ್ಲಿ ಘಟ್ಟದ ಅಂಚಿಗೆ ಕೂತ ಊರು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಯೋಗದ ಆಸೆ ಇಲ್ಲಿ ಇಟ್ಟುಕೊಳ್ಳಬಾರದು. ಕಂಬಳಿಗೆ ಎಷ್ಟು ಉಜ್ಜಿದರೂ ಪೈಪು ಒಂದು ಕಾಗದದ ಚೂರನ್ನೂ ಎತ್ತುವುದಿಲ್ಲ. ಅಡಿಕೆ ಕೊಯ್ಲಿನ ಕಾಲ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಇದಕ್ಕೆ ಹೇಳಿ ಮಾಡಿಸಿದ್ದು. ಬೆಳಗಿನ ಇಬ್ಬನಿ ಆರಬೇಕು, ಅಂಗಳದ ಅಡಿಕೆಗೆ ಬಿಸಿಲು ಚುರುಕಾಗಿ ತಾಗಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ, ಗಾಳಿ ಬೀಸದ ಕೋಣೆ. ಫ್ಯಾನು ಹಾಕಕೂಡದು.

ಬೆಂಡಿನಿಂದ ಸುಮಾರು ಒಂದು ಸೆಂಟಿಮೀಟರ್ ಅಡ್ಡಳತೆಯ ಗುಂಡುಗಳನ್ನು ಕೆತ್ತಿ, ಸಣ್ಣ ಮರಳುಕಾಗದದಿಂದ ನಯ ಮಾಡಿ. ಎರಡು ಸಾಕು ಎನ್ನಬೇಡಿ, ಇಪ್ಪತ್ತು ಮಾಡಿ. ಯಾಕೆಂದರೆ ಒಂದೊಂದನ್ನೇ ತೂಗಲು ಊರ ತಕ್ಕಡಿಗೆ ಆಗುವುದಿಲ್ಲ. ಇಪ್ಪತ್ತನ್ನೂ ಒಟ್ಟಿಗೆ ಚಿನಿವಾರರ ಅಂಗಡಿಯಲ್ಲಿ ತೂಗಿಸಿ ಇಪ್ಪತ್ತರಿಂದ ಭಾಗಿಸಿದರೆ ಒಂದರ ತೂಕ ಸಾಕಷ್ಟು ಸರಿಯಾಗಿ ಸಿಗುತ್ತದೆ. ತೂಗುವ ಮೊದಲು ಗುಂಡಿನ ಮೈಗೆಲ್ಲ ಮೆತ್ತನೆಯ ಪೆನ್ಸಿಲ್ ಗೀಚಿ ಕಪ್ಪು ಮಾಡಬೇಕು. ಬರಿಯ ಬೆಂಡಿನಲ್ಲಿ ಆವೇಶ ಬಿದ್ದಲ್ಲೇ ಬಿದ್ದಿರುತ್ತದೆ, ಪೆನ್ಸಿಲ್ಲಿನ ಗ್ರಾಫೈಟ್ ಅದನ್ನು ಮೈತುಂಬ ಹರಡುತ್ತದೆ. ಎರಡು ಗುಂಡನ್ನೂ ಅರ್ಧ ಮೀಟರ್ ಉದ್ದದ ರೇಷ್ಮೆ ಎಳೆಗೆ ಕಟ್ಟಿ ಒಂದೇ ಮರದ ಗೂಟದಿಂದ, ಒಂದೇ ಬಿಂದುವಿನಿಂದ ಇಳಿಬಿಡಿ. ಹತ್ತಿ ದಾರ ಬೇಡ, ಅದು ತೇವ ಕುಡಿಯುತ್ತದೆ. ರೇಷ್ಮೆ ಸಿಗದಿದ್ದರೆ ಗಾಳದ ನೈಲಾನ್ ಎಳೆಯಾದೀತು, ಆದರೆ ಆದಷ್ಟು ಸಣ್ಣದಿರಲಿ.

ಪಿವಿಸಿ ಪೈಪನ್ನು ಕಂಬಳಿಯಿಂದ ಗಟ್ಟಿಯಾಗಿ ತಿಕ್ಕಿ ಹತ್ತಿರ ತನ್ನಿ. ಮೊದಲು ಗುಂಡುಗಳು ಪೈಪಿನತ್ತ ಧಾವಿಸುತ್ತವೆ, ತಾಗುತ್ತವೆ, ಮರುಕ್ಷಣ ಸಿಡಿದು ದೂರ ಹೋಗುತ್ತವೆ. ಪೈಪಿನಿಂದ ಋಣಾವೇಶ ಪಡೆದ ಮೇಲೆ ಅವಕ್ಕೆ ಪೈಪೂ ಬೇಡ, ಒಂದಕ್ಕೊಂದೂ ಬೇಡ. ಪೈಪನ್ನು ಕೋಣೆಯ ಆಚೆ ಇಟ್ಟು ಬಂದು ನೋಡಿದರೆ ಎರಡು ದಾರಗಳೂ ತಲೆಕೆಳಗಾದ ಕವಣೆಯಂತೆ ಕವಲೊಡೆದು ನಿಂತಿರುತ್ತವೆ.

ಗುಂಡಿನ ತೂಕ 0.1 ಗ್ರಾಂ, ದಾರ 50 ಸೆಂ.ಮೀ., ಗುಂಡುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ದೂರ 6 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಒಂದೊಂದು ಗುಂಡೂ ನಡುಗೆರೆಯಿಂದ 3 ಸೆಂ.ಮೀ. ಸರಿದಿದೆ. ದಾರದ ಉದ್ದ 50. ಓರೆ 50ಕ್ಕೆ 3, ಅಂದರೆ ಶೇಕಡಾ 6. ಇಲ್ಲೇ ಇಡೀ ಪ್ರಯೋಗದ ಜೀವಾಳ ಇರುವುದು. ಭೂಮಿ ಗುಂಡನ್ನು ಕೆಳಗೆ ಎಳೆಯುತ್ತಿದೆ, ಜೊತೆಯ ಗುಂಡು ಅದನ್ನು ಪಕ್ಕಕ್ಕೆ ತಳ್ಳುತ್ತಿದೆ, ದಾರ ಎರಡನ್ನೂ ಕೂಡಿಸಿ ಓರೆಯಾಗಿ ನಿಂತಿದೆ. ಓರೆ ಚಿಕ್ಕದಾದಾಗ ಪಕ್ಕಕ್ಕೆ ತಳ್ಳುವ ಬಲ ಗುಂಡಿನ ತೂಕದ ಶೇಕಡಾ 6 ಎಂದು ನೇರವಾಗಿ ಹೇಳಬಹುದು. 0.1 ಗ್ರಾಮಿನ ಶೇಕಡಾ 6, ಅಂದರೆ 6 ಮಿಲಿಗ್ರಾಂ ತೂಕದಷ್ಟು ಬಲ. ಚಿನಿವಾರರ ಅಂಗಡಿಯ ತಕ್ಕಡಿ ತಡವರಿಸುವ ಜಾಗದಲ್ಲಿ ಒಂದು ಎಳೆ ರೇಷ್ಮೆ ಸಲೀಸಾಗಿ ತೂಗಿಕೊಡುತ್ತಿದೆ. ದಾರವನ್ನು ಇನ್ನೂ ಉದ್ದ ಮಾಡಿದರೆ ಇನ್ನೂ ಸೂಕ್ಷ್ಮವಾಗುತ್ತದೆ. ಮಾಳಿಗೆಯಿಂದ ಇಳಿಬಿಡುವಷ್ಟು ಉತ್ಸಾಹ ಇದ್ದವರು ಹಾಗೂ ಮಾಡಬಹುದು, ಗಾಳಿ ತಡೆಯುವ ಉಪಾಯ ಗೊತ್ತಿದ್ದರೆ.

ನ್ಯೂಟನ್‌ಗೆ ತಿರುಗಿಸಿದರೆ ಬಲ 0.0000588. ಇದನ್ನು ದೂರದ ವರ್ಗದಿಂದ, ಅಂದರೆ 0.06ರ ವರ್ಗವಾದ 0.0036ರಿಂದ ಗುಣಿಸಿ. 900 ಕೋಟಿಯಿಂದ ಭಾಗಿಸಿ. ಬಂದದ್ದು ಎರಡು ಆವೇಶಗಳ ಗುಣಲಬ್ಧ. ಎರಡೂ ಸಮ ಎಂದು ಗೊತ್ತಿರುವುದರಿಂದ ವರ್ಗಮೂಲ ತೆಗೆದರೆ ಒಂದರ ಆವೇಶ: 0.00000000485 ಕೂಲಂಬ್. ಇಷ್ಟು ಸೊನ್ನೆ ಬರೆಯುವುದು ಬೇಸರವೆಂದೇ ಕೂಲಂಬ್‌ನ 100 ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೋಕೂಲಂಬ್ ಎನ್ನುತ್ತಾರೆ. ನಮ್ಮ ಗುಂಡಿನದು 4.85 ನ್ಯಾನೋಕೂಲಂಬ್.

ಪುಟ್ಟ ಸಂಖ್ಯೆ ಎನಿಸಿದರೆ ಇಲೆಕ್ಟ್ರಾನ್‌ಗಳಲ್ಲಿ ಎಣಿಸಿ ನೋಡಿ. ಒಂದು ಇಲೆಕ್ಟ್ರಾನ್‌ನ ಆವೇಶ ಗೊತ್ತಿರುವುದರಿಂದ ಭಾಗಾಕಾರ ಸುಲಭ: ಪೈಪಿನಿಂದ ಆ ಗುಂಡಿಗೆ ದಾಟಿದ ಇಲೆಕ್ಟ್ರಾನ್‌ಗಳು ಸುಮಾರು 3,000 ಕೋಟಿ. ಹಾಗಂತ ಗುಂಡು ತುಂಬಿ ತುಳುಕಲಿಲ್ಲ. ಅದರೊಳಗೆ ಮೊದಲೇ ಇದ್ದ ಇಲೆಕ್ಟ್ರಾನ್‌ಗಳ ಪಕ್ಕದಲ್ಲಿಟ್ಟರೆ ಹೊಸದಾಗಿ ಬಂದವು ಲಕ್ಷ ಕೋಟಿಗೆ ಒಂದು. ಅಷ್ಟು ಸಣ್ಣ ಅಸಮತೋಲಕ್ಕೆ ಭೂಮಿಯ ಎಳೆತವನ್ನೇ ಓರೆ ಮಾಡುವ ಕಸುವಿದೆ.

ಈ 4.85ರಲ್ಲಿ ಎಷ್ಟು ಅಂಕಿಯನ್ನು ನಂಬಬಹುದು? ನನ್ನ ಪ್ರಕಾರ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅಳೆಯುವಾಗ ಒಂದು ಸೆಂಟಿಮೀಟರ್ ತಪ್ಪಿ 6ರ ಬದಲು 5 ಎಂದು ಬರೆದುಕೊಂಡರೆ ಆವೇಶ 3.7 ನ್ಯಾನೋಕೂಲಂಬ್ ಎಂದಾಗುತ್ತದೆ. 7 ಎಂದು ಬರೆದರೆ 6.1. ದೂರದ ತಪ್ಪು ಲೆಕ್ಕದಲ್ಲಿ ಒಂದೂವರೆ ಪಟ್ಟಾಗಿ ಉಬ್ಬುತ್ತದೆ, ಯಾಕೆಂದರೆ ದೂರವು ಓರೆಯೊಳಗೂ ಇದೆ, ನಿಯಮದೊಳಗೂ ಇದೆ. ತೂಕದ ತಪ್ಪು ಮಾತ್ರ ವರ್ಗಮೂಲದ ಕೆಳಗೆ ಸಿಕ್ಕಿ ಅರ್ಧವಾಗುತ್ತದೆ. ಹೀಗಾಗಿ ಚಿನಿವಾರರ ಅಂಗಡಿಗೆ ಎರಡು ಸಲ ಹೋಗುವ ಶ್ರಮವನ್ನು ದೂರ ಅಳೆಯುವುದಕ್ಕೆ ಹಾಕುವುದು ಜಾಣತನ.

ದೂರ ಅಳೆಯುವುದೇ ದೊಡ್ಡ ಪೇಚು. ಪ್ಲಾಸ್ಟಿಕ್ ಸ್ಕೇಲು ಹಿಡಿದು ಹತ್ತಿರ ಹೋದಿರೋ, ಸ್ಕೇಲಿನ ಮೇಲಿರುವ ಆವೇಶ ಗುಂಡನ್ನು ಕದಲಿಸುತ್ತದೆ. ಬರಿಗೈ ತಂದರೂ ಗುಂಡು ಕೈಗೆ ಅಂಟಲು ಬರುತ್ತದೆ. ಅಳೆಯಲು ಹೋದವರೇ ಅಳತೆ ಕೆಡಿಸಿದಂತೆ. ಅದಕ್ಕೆ ನೆರಳು ಒಳ್ಳೆಯದು. ಕಿಟಕಿಯಿಂದ ಬರುವ ಬಿಸಿಲನ್ನು ಗುಂಡುಗಳಿಗೆ ಎದುರಾಗಿ ತಾಗುವಂತೆ ಮಾಡಿ, ಆಚೆ ಬದಿಗೆ ಗೆರೆ ಹಾಕಿದ ಹಾಳೆಯನ್ನು ಬಿಸಿಲಿಗೆ ಅಡ್ಡಲಾಗಿ ನಿಲ್ಲಿಸಿದರೆ ಎರಡು ಕಪ್ಪು ಚುಕ್ಕೆ ಮೂಡುತ್ತವೆ. ಸೂರ್ಯನ ಕಿರಣ ಹೆಚ್ಚುಕಡಿಮೆ ಸಮಾಂತರವಾದ್ದರಿಂದ ನೆರಳುಗಳ ನಡುವಿನ ದೂರವೇ ಗುಂಡುಗಳ ನಡುವಿನ ದೂರ. ಬಲ್ಬು ಬಳಸಿದರೆ ನೆರಳು ಹಿಗ್ಗುತ್ತದೆ, ಆಗ ಬೇರೆ ಲೆಕ್ಕ. ಮೊಬೈಲಿನಲ್ಲಿ ಫೋಟೊ ಹಿಡಿದು ಅಳೆಯುವುದೂ ಆದೀತು, ಆದರೆ ಗುಂಡುಗಳ ಸಾಲಿನಲ್ಲೇ ಒಂದು ಮರದ ಅಳತೆಕಡ್ಡಿಯನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿರಬೇಕು.

ಒಂದು ಮಾತನ್ನು ಮೇಲೆ ಅವಸರದಲ್ಲಿ ದಾಟಿ ಬಂದೆವು: ‘ಎರಡೂ ಸಮ ಎಂದು ಗೊತ್ತಿರುವುದರಿಂದ’. ಹೇಗೆ ಗೊತ್ತು? ಎರಡು ದಾರಗಳೂ ಒಂದೇ ಓರೆಯಲ್ಲಿ ನಿಂತಿವೆಯಲ್ಲ ಎಂದು ತೋರಿಸುವವರು ಬಹಳ. ಓದಿದವರೂ ಇಲ್ಲಿ ಜಾರುತ್ತಾರೆ. ಒಂದರ ಮೇಲೆ ಹತ್ತು ಪಟ್ಟು ಆವೇಶ, ಇನ್ನೊಂದರ ಮೇಲೆ ಒಂದೇ ಪಟ್ಟು ಇದ್ದರೂ ಓರೆ ಎರಡಕ್ಕೂ ಸಮನಾಗಿಯೇ ಇರುತ್ತದೆ. ದೊಡ್ಡದು ಸಣ್ಣದನ್ನು ಎಷ್ಟು ತಳ್ಳುತ್ತದೋ ಸಣ್ಣದೂ ದೊಡ್ಡದನ್ನು ಅಷ್ಟೇ ತಳ್ಳುತ್ತದೆ. ಇದು ನ್ಯೂಟನ್‌ನ ಮೂರನೇ ನಿಯಮ. ಓರೆಯಲ್ಲಿ ವ್ಯತ್ಯಾಸ ಕಂಡರೆ ಅದು ಗುಂಡುಗಳ ತೂಕದ ವ್ಯತ್ಯಾಸ, ಆವೇಶದ್ದಲ್ಲ. ಬಲದ ಅಳತೆಯಿಂದ ಸಿಗುವುದು ಗುಣಲಬ್ಧ ಮಾತ್ರ. 12 ಸಿಕ್ಕರೆ ಅದು 3 ಮತ್ತು 4 ಇರಬಹುದು, 2 ಮತ್ತು 6 ಇರಬಹುದು, 1 ಮತ್ತು 12 ಕೂಡ. ನಮ್ಮ ಗುಂಡುಗಳು ಸಮ ಎಂದು ಹೇಳುವ ಹಕ್ಕು ಬಂದದ್ದು ಬೇರೆ ಕಡೆಯಿಂದ: ಅವು ಒಂದೇ ಗಾತ್ರದವು, ಮೈಗೆ ಗ್ರಾಫೈಟ್ ಹಚ್ಚಿಸಿಕೊಂಡವು, ಆವೇಶ ಪಡೆಯುವಾಗ ಒಂದಕ್ಕೊಂದು ತಾಗಿಕೊಂಡೇ ಇದ್ದವು.

ತಾಗಿಸಲು ಆಗದ, ಬೇರೆ ಬೇರೆ ಆವೇಶದ ವಸ್ತುಗಳಾದರೆ? ಅದಕ್ಕೂ ದಾರಿಯಿದೆ, ಚಂದದ ದಾರಿ. ಮೂರನೆಯದೊಂದನ್ನು ಕರೆತನ್ನಿ. ಅದರ ಆವೇಶವೂ ಗೊತ್ತಿರಬೇಕಿಲ್ಲ! ಮೊದಲನೆಯದು–ಎರಡನೆಯದು, ಮೊದಲನೆಯದು–ಮೂರನೆಯದು, ಎರಡನೆಯದು–ಮೂರನೆಯದು ಹೀಗೆ ಮೂರು ಜೋಡಿಯ ಬಲ ಅಳೆದು ಮೂರು ಗುಣಲಬ್ಧ ತೆಗೆಯಿರಿ. ಅವು ಕ್ರಮವಾಗಿ 12, 6, 8 ಬಂದವು ಎನ್ನಿ. ಮೊದಲಿನೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿ: 72ರಲ್ಲಿ 8, ಅಂದರೆ 9. ಅದರ ವರ್ಗಮೂಲ 3, ಮೊದಲ ಗುಂಡಿನ ಆವೇಶ. ಉಳಿದೆರಡು ತಾನಾಗಿ 4 ಮತ್ತು 2 ಎಂದು ಬಿಚ್ಚಿಕೊಳ್ಳುತ್ತವೆ. ಇಬ್ಬರ ವ್ಯಾಜ್ಯವನ್ನು ತಾನೇನೂ ಹೇಳದ ಮೂರನೆಯವನು ಬಗೆಹರಿಸಿದ. ಆದರೆ ಅವು ಧನವೋ ಋಣವೋ ಎಂಬುದು ಇಷ್ಟರಿಂದ ತಿಳಿಯದು. ಮೂರೂ ಪರಸ್ಪರ ತಳ್ಳಿದರೆ ಮೂರೂ ಒಂದೇ ಜಾತಿ ಎಂದಷ್ಟೇ ಗೊತ್ತಾದೀತು. ಯಾವ ಜಾತಿ ಎಂದು ತಿಳಿಯಲು ಕಂಬಳಿಗೆ ತಿಕ್ಕಿದ ಪೈಪನ್ನೇ ಹತ್ತಿರ ತರಬೇಕು.

ಇನ್ನು ಎಳೆತದ ಬಗ್ಗೆ. ತಳ್ಳುವುದನ್ನು ನಂಬಿ, ಎಳೆಯುವುದನ್ನು ನಂಬಬೇಡಿ. ತಿಕ್ಕಿದ ಪೈಪು ಕಾಗದದ ಚೂರು, ಒಣಗಿದ ಅಡಿಕೆ ಸಿಪ್ಪೆಯ ನಾರು, ಕೊನೆಗೆ ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಎಳೆಯನ್ನೂ ತನ್ನತ್ತ ಸೆಳೆಯುತ್ತದೆ. ಅವುಗಳ ಮೇಲೆ ಆವೇಶವೇ ಇಲ್ಲ. ಪೈಪು ಹತ್ತಿರ ಬಂದಾಗ ಅವುಗಳೊಳಗಿನ ಧನ–ಋಣಗಳು ಸ್ವಲ್ಪ ಪಕ್ಕ ಸರಿದು, ಹತ್ತಿರದ ಭಾಗದ ಎಳೆತ ದೂರದ ಭಾಗದ ತಳ್ಳಾಟವನ್ನು ಮೀರಿಸುತ್ತದೆ, ಅಷ್ಟೆ. ಆ ಬಲವನ್ನು ಕೂಲಂಬ್ ನಿಯಮಕ್ಕೆ ಹಾಕಿ ಕಾಗದದ ಆವೇಶ ಇಷ್ಟು ಎಂದು ತೆಗೆದರೆ ಉತ್ತರವೇನೋ ಬರುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ. ಗುಂಡುಗಳನ್ನು ತೀರ ಹತ್ತಿರ ತಂದಾಗಲೂ ಇದೇ ಕಾಟ. ಒಂದು ಸೆಂ.ಮೀ. ಗುಂಡಿಗೆ ಆರು ಸೆಂ.ಮೀ. ದೂರ ಪರವಾಗಿಲ್ಲ, ಎರಡು ಸೆಂ.ಮೀ. ಆದರೆ ನಿಯಮ ಸಡಿಲವಾಗುತ್ತದೆ.

ಕೂಲಂಬ್ ವಿಪರೀತ ದೊಡ್ಡ ಅಳತೆ ಎಂದೆನಲ್ಲ. ಒಂದು ಕೂಲಂಬ್ ಆವೇಶದ ಎರಡು ಗುಂಡನ್ನು ಒಂದು ಕಿಲೋಮೀಟರ್ ಅಂತರದಲ್ಲಿ ಇಡಲು ಸಾಧ್ಯವಾದರೆ, ಅಷ್ಟು ದೂರದಿಂದಲೂ ಅವು ಸುಮಾರು 900 ಕೆ.ಜಿ. ಭಾರದಷ್ಟು ಬಲದಿಂದ ತಳ್ಳಾಡುತ್ತವೆ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಯಲ್ಲಿ ತೋಟದ ಮೇಲೆ ಎರಗುವ ಸಿಡಿಲು ಸಾಮಾನ್ಯವಾಗಿ ಹತ್ತಿಪ್ಪತ್ತು ಕೂಲಂಬ್ ಇಳಿಸುತ್ತದೆ. ಸಾಲಿನ ಅಡಿಕೆ ಮರಗಳ ಚಂಡೆ ಸುಟ್ಟುಹೋಗಲು ಅಷ್ಟು ಸಾಕು. ಹಾಗಾದರೆ ಕಿಸೆಯಲ್ಲಿರುವ ಮೊಬೈಲ್? ಅದರ 5,000 ಮಿಲಿಆಂಪಿಯರ್–ಗಂಟೆಯ ಬ್ಯಾಟರಿಯನ್ನು ಕೂಲಂಬ್‌ಗೆ ತಿರುಗಿಸಿದರೆ 18,000 ಬರುತ್ತದೆ. ಸಿಡಿಲಿನ ನೂರಾರು ಪಟ್ಟು! ಆದರೂ ಎರಡು ಮೊಬೈಲ್ ಪಕ್ಕ ಪಕ್ಕ ಇಟ್ಟರೆ ಕೂದಲೆಳೆಯಷ್ಟೂ ತಳ್ಳಾಡುವುದಿಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟ ಪ್ರತಿ ಇಲೆಕ್ಟ್ರಾನ್‌ಗೂ ಇನ್ನೊಂದು ತುದಿಯಲ್ಲಿ ಒಂದು ಒಳಬರುತ್ತದೆ, ಜಮಾ ಖರ್ಚು ಸರಿಹೋಗಿ ಒಟ್ಟು ಶೂನ್ಯ. ಬಲಕ್ಕೆ ಕಾಣುವುದು ಹರಿದ ಆವೇಶವಲ್ಲ, ಸರಿದೂಗದೆ ಉಳಿದ ಆವೇಶ.

ಕೆಳಗಿನ ತುದಿಗೂ ಹೋಗಿ ನೋಡಬೇಕು. ಹಾರುವ ಜೇನಿನ ಮೈಮೇಲೆ ಆವೇಶ ಕೂಡುತ್ತದೆ, ಸಾಮಾನ್ಯವಾಗಿ ಧನಾವೇಶ. ಹೂವಿನ ಪರಾಗ ಮುಟ್ಟುವ ಮೊದಲೇ ಜೇನಿನ ರೋಮಕ್ಕೆ ಹಾರಿ ಅಂಟುವುದಕ್ಕೆ ಇದೂ ಒಂದು ಕಾರಣ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಡೇನಿಯಲ್ ರಾಬರ್ಟ್ ತಂಡ 2013ರಲ್ಲಿ ಬಂಬಲ್ ಜೇನುಗಳ ಆವೇಶವನ್ನು ಪ್ರಕಟಿಸಿತು: ಸರಾಸರಿ 32 ಪಿಕೋಕೂಲಂಬ್ (ನ್ಯಾನೋಕೂಲಂಬ್‌ನ ಸಾವಿರದಲ್ಲಿ ಒಂದು ಪಾಲು ಪಿಕೋಕೂಲಂಬ್). ನಮ್ಮ ಬೆಂಡಿನ ಗುಂಡಿನದರ ನೂರೈವತ್ತರಲ್ಲಿ ಒಂದು ಪಾಲು. ಇದನ್ನು ದಾರದ ಓರೆಯಿಂದ ಅಳೆಯಬಹುದೇ? ಅಷ್ಟೇ ಆವೇಶದ ಎರಡು ಜೇನು ಒಂದು ಸೆಂ.ಮೀ. ಅಂತರದಲ್ಲಿದ್ದರೆ ತಳ್ಳುವ ಬಲ ಅವುಗಳ ತೂಕದ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಯಾವ ರೇಷ್ಮೆ ಎಳೆಯೂ ಅದನ್ನು ತೋರಿಸದು. ಹಾಗಾಗಿ ಆ ತಂಡದವರು ಬಲದ ದಾರಿ ಬಿಟ್ಟು, ಜೇನುಗಳು ಲೋಹದ ಪಾತ್ರೆಯೊಳಗೆ ಹಾರಿ ಬರುವಂತೆ ಮಾಡಿ, ಪಾತ್ರೆಯ ಹೊರಮೈಯಲ್ಲಿ ಮೂಡುವ ಆವೇಶವನ್ನು ಉಪಕರಣದಿಂದ ಓದಿದರು. ಮೈಕೆಲ್ ಫ್ಯಾರಡೆಯ ಕಾಲದ ಉಪಾಯ ಅದು. ಪರಾಗದ ಕಣದ ಸಂಗತಿ ಬೇರೆ. ಅದರ ತೂಕವೇ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಈ ಪುಟ್ಟ ಬಲವೂ ಅದಕ್ಕೆ ಸಾಕಾಗುತ್ತದೆ.

ಮತ್ತೆ ಮಳೆಯ ಮಾತು. ತೇವದ ದಿನ ಗುಂಡುಗಳು ಯಾಕೆ ಬೇಗ ಕೂಡಿಕೊಳ್ಳುತ್ತವೆ? ಹಸಿ ಗಾಳಿ ವಿದ್ಯುತ್ತನ್ನು ಹರಿಸುತ್ತದೆ ಎಂದು ಹೇಳಿ ಮುಗಿಸುವುದು ರೂಢಿ. ನಿಜವಾದ ಕಳ್ಳ ಬೇರೆ ಕಡೆ ಇದ್ದಾನೆ: ದಾರದ ಮೈಮೇಲೆ ಕೂರುವ, ಕಣ್ಣಿಗೆ ಕಾಣದ ನೀರಿನ ಪದರ. ಅದರ ಗುಂಟ ಆವೇಶ ಗೂಟಕ್ಕೆ, ಗೂಟದಿಂದ ಗೋಡೆಗೆ ಸೋರುತ್ತದೆ. ಮಳೆಗಾಲದಲ್ಲೂ ಹಟ ಹಿಡಿದು ಮಾಡಬೇಕೆನ್ನುವವರು ದಾರವನ್ನು ಬಚ್ಚಲ ಒಲೆಯ ಬಿಸಿಗೆ ಒಣಗಿಸಿ, ಬೇಕಾದರೆ ಕರಗಿಸಿದ ಮೇಣದಲ್ಲಿ ಅದ್ದಿ ಬಳಸಬಹುದು. ಕೂಲಂಬ್ ಕೂಡ ತನ್ನ ಅಡ್ಡಕಡ್ಡಿಯ ದಾರಕ್ಕೆ ಅರಗು ಸವರಿದ್ದ. ಆದರೆ ಪ್ರಯೋಗವನ್ನು ಒಲೆಯ ಪಕ್ಕದಲ್ಲೇ ಮಾಡಬಾರದು. ಉರಿಯುವ ಬೆಂಕಿ ಗಾಳಿಯಲ್ಲಿ ಆವೇಶದ ಕಣಗಳನ್ನು ಎಬ್ಬಿಸುತ್ತದೆ, ಅವು ಬಂದು ಗುಂಡಿನ ಆವೇಶವನ್ನು ನಿಮಿಷದೊಳಗೆ ತೀರಿಸಿಬಿಡುತ್ತವೆ. ಜಲಪಾತದ ಬುಡವೂ ಅಷ್ಟೇ ಕೆಟ್ಟ ಜಾಗ. ನೀರು ಬಂಡೆಗೆ ಬಡಿದು ಸಿಡಿಯುವಾಗ ಹನಿಗಳೂ ಸುತ್ತಲ ಗಾಳಿಯೂ ಬೇರೆ ಬೇರೆ ಆವೇಶ ಪಡೆಯುತ್ತವೆ ಎಂದು ಜರ್ಮನಿಯ ಫಿಲಿಪ್ ಲೆನಾರ್ಡ್ 1892ರಲ್ಲೇ ತೋರಿಸಿದ. ಇದೇ ತಾಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಬೀಳುತ್ತಾಳೆ. ಅಲ್ಲಿನ ತುಂತುರಿನಲ್ಲಿ ಬೆಂಡಿನ ಗುಂಡು ತೂಗುಬಿಟ್ಟು ಆವೇಶ ಹುಡುಕುವುದು ವ್ಯರ್ಥ ಕಸರತ್ತು, ಸುತ್ತಲಿನ ಗಾಳಿಯೇ ಆವೇಶ ತುಂಬಿ ನಿಂತಿರುತ್ತದೆ.

ಕೂಲಂಬ್ ತನ್ನ ಮೂರನೆಯ ಪ್ರಬಂಧವನ್ನು ಪೂರ್ತಿಯಾಗಿ ಈ ಸೋರಿಕೆಗೇ ಮೀಸಲಿಟ್ಟ: ಬೇರೆ ಬೇರೆ ತೇವದ ದಿನಗಳಲ್ಲಿ ಒಂದು ಗುಂಡು ಎಷ್ಟು ಹೊತ್ತಿನಲ್ಲಿ ಎಷ್ಟು ಆವೇಶ ಕಳೆದುಕೊಳ್ಳುತ್ತದೆ? ಈ ಕೆಲಸವನ್ನು ಮತ್ತೆ ಮಾಡಲು ಉತ್ತರ ಕನ್ನಡಕ್ಕಿಂತ ಒಳ್ಳೆಯ ಜಿಲ್ಲೆ ನನಗೆ ತೋಚುವುದಿಲ್ಲ. ಪಶ್ಚಿಮಕ್ಕೆ ಘಟ್ಟದ ಅಂಚಿನಲ್ಲಿ ನಿಲ್ಕುಂದ, ಪೂರ್ವದ ಬಯಲಿಗೆ ತಾಗಿ ಮುಂಡಗೋಡ, ಹಳಿಯಾಳ. ಒಂದು ಕಡೆ ಮಳೆ ಹೊಯ್ಯುವ ದಿನ ಇನ್ನೊಂದು ಕಡೆ ಬಿಸಿಲಿರುವುದು ಹೊಸತಲ್ಲ. ಒಂದೇ ಚೂರಿಯಲ್ಲಿ ಕೆತ್ತಿದ ಗುಂಡು, ಒಂದೇ ಉಂಡೆಯ ರೇಷ್ಮೆ ಎಳೆ. ಎರಡು ಶಾಲೆಗಳ ಮಕ್ಕಳು ಒಂದೇ ಮಧ್ಯಾಹ್ನ ಗುಂಡುಗಳನ್ನು 6 ಸೆಂ.ಮೀ. ಅಗಲಿಸಿ ಗಡಿಯಾರ ನೋಡಲಿ. ಆವೇಶ ಅರ್ಧವಾಯಿತು ಎಂದು ತಿಳಿಯಲು ದೂರ ಅರ್ಧವಾಗುವವರೆಗೆ ಕಾಯಬೇಕಾಗಿಲ್ಲ. 6 ಇದ್ದದ್ದು 3.8 ಸೆಂ.ಮೀ.ಗೆ ಇಳಿದ ಕ್ಷಣವೇ ಅರ್ಧ ಆವೇಶ ಹೋಗಿರುತ್ತದೆ. ಬಿಸಿಲಿದ್ದಲ್ಲಿ ನೆರಳಿನಿಂದ, ಇಲ್ಲದಲ್ಲಿ ಮೊಬೈಲಿನ ಫೋಟೊದಿಂದ ಅಳೆದು, ಅಂತರ ಅಷ್ಟಕ್ಕೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಂಡರಾಯಿತು.